ಸ್ನಾಯುಗಳ ಸೋಲನ್ನು ಓದಿದ ವೈದ್ಯ: ಗಿಯೋಮ್ ದುಶೆನ್

ಕೈಯೋ ಕಾಲೋ ಸ್ವಾಧೀನ ತಪ್ಪಿದಾಗ ನಮ್ಮ ಜನ ಅದನ್ನು ಲಕ್ವ ಎಂದು ಕರೆಯುತ್ತಾರೆ. ಸ್ವಲ್ಪ ಓದಿದವರು ಪಾರ್ಶ್ವವಾಯು ಎನ್ನುತ್ತಾರೆ. ಹೆಸರು ಯಾವುದಾದರೂ ಅದರ ಹಿಂದಿನ ಭಾವನೆ ಒಂದೇ: ಇದ್ದ ಶಕ್ತಿ ಹೋಯಿತು. ಆ ಶಕ್ತಿ ಯಾವ ಸ್ನಾಯುವಿನಿಂದ ಹೋಯಿತು, ಯಾವುದರಲ್ಲಿ ಉಳಿಯಿತು, ಮೊದಲು ಎಲ್ಲಿ ಕುಂದಿತು, ಅನಂತರ ಎತ್ತ ಹರಡಿತು ಎಂದು ವಿಚಾರಿಸುವ ವ್ಯವಧಾನ ಸಾಮಾನ್ಯರಿಗೆ ಇರುವುದಿಲ್ಲ. ಇದಕ್ಕಾಗಿ ಅವರನ್ನು ದೂರುವಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪಿನ ದೊಡ್ಡ ಆಸ್ಪತ್ರೆಗಳ ವೈದ್ಯರೂ ಬಹುಮಟ್ಟಿಗೆ ಹೀಗೆಯೇ ನಡೆದುಕೊಳ್ಳುತ್ತಿದ್ದರು. ಚಲನಶಕ್ತಿ ಕಳೆದುಕೊಂಡ ರೋಗಿಗಳನ್ನೆಲ್ಲ ಒಂದೇ ಸಾಲಿನ ಮಂಚಗಳ ಮೇಲೆ ಮಲಗಿಸಿ, ಒಂದೇ ಹೆಸರಿನಿಂದ ಕರೆದು, ಮುಂದೆ ಸಾಗುತ್ತಿದ್ದರು. ಆ ಮಂಚಗಳ ಬಳಿ ನಿಂತು, ದೌರ್ಬಲ್ಯವೆಂಬುದು ಒಂದಲ್ಲ, ಪ್ರತಿಯೊಂದು ರೋಗವೂ ದೇಹದ ಮೇಲೆ ತನ್ನದೇ ಆದ ಗುರುತನ್ನು ಬರೆಯುತ್ತದೆ ಎಂದು ತೋರಿಸಿಕೊಟ್ಟವರಲ್ಲಿ ಅಗ್ರಗಣ್ಯನು ಗಿಯೋಮ್ ದುಶೆನ್. ಇಂದು ನರರೋಗಗಳ ಗ್ರಂಥವನ್ನು ತೆರೆದ ವೈದ್ಯ ವಿದ್ಯಾರ್ಥಿಗೆ ಅವನ ಹೆಸರು ಪದೇ ಪದೇ ಎದುರಾಗುತ್ತದೆ. ಅವನು ಬದುಕಿದ್ದ ಕಾಲದಲ್ಲಿ ಮಾತ್ರ ಯಾವ ಆಸ್ಪತ್ರೆಯ ಬಾಗಿಲಿನ ಮೇಲೂ ಅವನ ಹೆಸರು ಇರಲಿಲ್ಲ.

ಫ್ರಾನ್ಸ್ ದೇಶದ ಉತ್ತರ ಕರಾವಳಿಯಲ್ಲಿ ಬೂಲೋನ್ ಎಂಬ ಬಂದರು ಪಟ್ಟಣವಿದೆ. ಅಲ್ಲಿ 1806ನೆಯ ಇಸವಿಯ ಸೆಪ್ಟೆಂಬರ್ 17ರಂದು ದುಶೆನ್ ಜನಿಸಿದನು. ಅವನದು ಕಡಲನ್ನೇ ನಂಬಿ ಬಾಳಿದ ಮನೆತನ. ತಂದೆ ಹಡಗಿನ ನಾಯಕ; ನೆಪೋಲಿಯನ್ನನ ಕಾಲದ ಸಮರಗಳಲ್ಲಿ ತೋರಿದ ಸಾಹಸಕ್ಕಾಗಿ ರಾಜಸನ್ಮಾನ ಪಡೆದವನು. ಮಗನೂ ಹಡಗನ್ನೇರಬೇಕೆಂಬುದು ಅವನ ಆಸೆಯಾಗಿತ್ತು. ಆದರೆ ಬಾಲಕನ ಒಲವು ವಿಜ್ಞಾನದ ಕಡೆಗಿತ್ತು. ದುವೇ ಪಟ್ಟಣದಲ್ಲಿ ಪ್ರೌಢವ್ಯಾಸಂಗವನ್ನು ಮುಗಿಸಿ ಅವನು ವೈದ್ಯಶಾಸ್ತ್ರಕ್ಕಾಗಿ ಪ್ಯಾರಿಸ್ ನಗರವನ್ನು ಸೇರಿದನು. ಅಲ್ಲಿ ಎದೆಯ ಸದ್ದನ್ನು ಆಲಿಸುವ ಸ್ಟೆತೊಸ್ಕೋಪನ್ನು ಕಂಡುಹಿಡಿದ ಲಾಯೆನೆಕ್, ಶಸ್ತ್ರವೈದ್ಯ ದ್ಯುಪ್ಯುಯಿತ್ರಾನ್, ಶರೀರಕ್ರಿಯಾಶಾಸ್ತ್ರಜ್ಞ ಮಾಜಾಂದಿ ಮೊದಲಾದ ಘನವಿದ್ವಾಂಸರ ಪಾಠಗಳನ್ನು ಕೇಳುವ ಭಾಗ್ಯ ಅವನದಾಯಿತು. 1831ರಲ್ಲಿ ಸುಟ್ಟಗಾಯಗಳನ್ನು ಕುರಿತು ಪ್ರಬಂಧವನ್ನು ಬರೆದು ಪದವಿ ಪಡೆದು, ಹುಟ್ಟೂರಿಗೆ ಮರಳಿ ವೃತ್ತಿಯನ್ನಾರಂಭಿಸಿದನು. ಅದೇ 1831ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯು ಆಯಸ್ಕಾಂತದಿಂದ ವಿದ್ಯುತ್ತನ್ನು ಪ್ರೇರಿಸುವ ತತ್ತ್ವವನ್ನು ಕಂಡುಹಿಡಿದನು. ಈ ಎರಡು ಸಂಗತಿಗಳಿಗೆ ಆಗ ಯಾವ ಸಂಬಂಧವೂ ಇರಲಿಲ್ಲ.

ಊರಿನಲ್ಲಿ ವಿವಾಹವಾಯಿತು. ಸುಖ ಮಾತ್ರ ಬಹುಕಾಲ ನಿಲ್ಲಲಿಲ್ಲ. ಮದುವೆಯಾದ ಎರಡು ವರ್ಷಗಳಲ್ಲಿ ಪತ್ನಿ ಗಂಡುಮಗುವನ್ನು ಹಡೆದು ಬಾಣಂತಿಜ್ವರದಿಂದ ತೀರಿಕೊಂಡಳು. ಹೆರಿಗೆಯ ಹೊತ್ತಿನಲ್ಲಿ ಬಳಿಯಲ್ಲಿದ್ದು ನೋಡಿಕೊಂಡವನು ದುಶೆನ್ ಒಬ್ಬನೇ. ಈ ಸಾವಿಗೆ ಅಳಿಯನೇ ಹೊಣೆಯೆಂದು ಅತ್ತೆ ಊರೆಲ್ಲ ಆಡಿದಳು. ಕೂಸನ್ನೂ ತನ್ನ ವಶಕ್ಕೆ ತೆಗೆದುಕೊಂಡು, ತಂದೆಯಿಂದ ದೂರವಿರಿಸಿ ಬೆಳೆಸಿದಳು. ಬಾಣಂತಿಜ್ವರದ ನಿಜವಾದ ಕಾರಣ ಆ ಕಾಲದಲ್ಲಿ ಯಾರಿಗೂ ತಿಳಿದಿರಲಿಲ್ಲ. ಸೂಕ್ಷ್ಮಜೀವಿಗಳ ಸಿದ್ಧಾಂತ ಬರಲು ಇನ್ನೂ ಹಲವು ದಶಕಗಳಿದ್ದವು. ಆದರೆ ಪುಟ್ಟ ಊರಿನಲ್ಲಿ ವೈದ್ಯನ ಮೇಲೆ ಬಿದ್ದ ಅಪವಾದ ಸುಲಭವಾಗಿ ತೊಳೆದುಹೋಗುವುದಿಲ್ಲ. ಮುಂದೆ ಅವನು ಮಾಡಿಕೊಂಡ ಎರಡನೆಯ ಮದುವೆಯೂ ಊರ್ಜಿತವಾಗಲಿಲ್ಲ.

ಈ ಮನೋವ್ಯಥೆಯ ವರ್ಷಗಳಲ್ಲಿಯೇ ಅವನ ಗಮನ ವಿದ್ಯುತ್ತಿನ ಕಡೆಗೆ ಹೊರಳಿತು. ಸೂಜಿಗಳನ್ನು ಚರ್ಮದೊಳಕ್ಕೆ ಚುಚ್ಚಿ ಅವುಗಳ ಮೂಲಕ ವಿದ್ಯುತ್ತನ್ನು ಹಾಯಿಸಿ ನೋವನ್ನು ಕಳೆಯುವ ಒಂದು ಚಿಕಿತ್ಸಾಕ್ರಮ ಆಗ ಫ್ರಾನ್ಸಿನಲ್ಲಿ ಬಳಕೆಯಲ್ಲಿತ್ತು. ಅದನ್ನು ಪ್ರಯೋಗಿಸುವಾಗ ಸೂಜಿಯ ಸುತ್ತಲಿನ ಸ್ನಾಯು ತಾನಾಗಿಯೇ ಸಂಕೋಚಗೊಳ್ಳುವುದನ್ನು ದುಶೆನ್ ಕಂಡನು. ಬೇರೆಯವರೂ ಕಂಡಿದ್ದರು; ಕಂಡು ಸುಮ್ಮನಾಗಿದ್ದರು. ಇವನು ಸುಮ್ಮನಾಗಲಿಲ್ಲ. ಫ್ಯಾರಡೆಯ ತತ್ತ್ವದ ಆಧಾರದಿಂದ ರಚಿಸಿದ ಯಂತ್ರದ ಎರಡು ತುದಿಗಳನ್ನು ಒದ್ದೆಮಾಡಿ ಚರ್ಮದ ಮೇಲೆ ಹತ್ತಿರ ಹತ್ತಿರ ಇರಿಸಿದರೆ, ಸೂಜಿಯ ಹಿಂಸೆಯಿಲ್ಲದೆ, ತನಗೆ ಬೇಕಾದ ಒಂದೇ ಒಂದು ಸ್ನಾಯುವನ್ನು ಎಚ್ಚರಿಸಬಹುದೆಂಬುದನ್ನು ಕಂಡುಕೊಂಡನು. ಮೃತದೇಹವನ್ನು ಕೊಯ್ದು ನೋಡಿದರೆ ಸ್ನಾಯುವಿನ ಆಕಾರ ತಿಳಿಯುತ್ತದೆಯೇ ಹೊರತು ಅದರ ಕೆಲಸ ಪೂರ್ತಿಯಾಗಿ ತಿಳಿಯುವುದಿಲ್ಲ. ಬದುಕಿರುವ ಮನುಷ್ಯನಲ್ಲಿ ಒಂದೊಂದೇ ಸ್ನಾಯುವನ್ನು ಕೆಲಸಕ್ಕೆ ಕರೆದು ವಿಚಾರಿಸುವ ಮಾರ್ಗ ಈಗ ದೊರೆತಂತಾಯಿತು.

1842ರಲ್ಲಿ ಅವನು ಊರನ್ನು ಬಿಟ್ಟು ಪ್ಯಾರಿಸ್ಸಿಗೆ ಬಂದನು. ಅಲ್ಲಿ ಆಸ್ಪತ್ರೆಯ ಹುದ್ದೆಗಳಿಗೆ ಕಠಿಣವಾದ ಸ್ಪರ್ಧೆ. ಪರೀಕ್ಷೆಗಳನ್ನು ಗೆದ್ದವರಿಗೆ, ಮಾತಿನಲ್ಲಿ ಚತುರರಾದವರಿಗೆ, ಹಿರಿಯರ ಆಶ್ರಯವಿದ್ದವರಿಗೆ ಅವು ಸಲ್ಲುತ್ತಿದ್ದವು. ದುಶೆನ್ ಸಂಕೋಚದ ಸ್ವಭಾವದವನು, ಸಭೆಯಲ್ಲಿ ತಡವರಿಸುವವನು. ಪ್ರಾಧ್ಯಾಪಕ ಪದವಿಯಾಗಲಿ ಆಸ್ಪತ್ರೆಯ ಅಧಿಕಾರವಾಗಲಿ ಅವನಿಗೆ ಕೊನೆಯವರೆಗೂ ಒದಗಲಿಲ್ಲ. ಮನೆಯಲ್ಲಿ ಬಂದ ರೋಗಿಗಳನ್ನು ನೋಡಿ ಜೀವನೋಪಾಯ ಮಾಡಿಕೊಂಡು, ಉಳಿದ ಹೊತ್ತಿನಲ್ಲಿ ತನ್ನ ವಿದ್ಯುದ್ಯಂತ್ರವನ್ನು ತೆಗೆದುಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆಯುತ್ತಿದ್ದನು. ಆಹ್ವಾನವಿಲ್ಲದೆ ಬರುವ ಈ ವಿಚಿತ್ರ ವೈದ್ಯನನ್ನು ಮೊದಮೊದಲು ಎಳೆಯ ವೈದ್ಯರು ಗೇಲಿ ಮಾಡಿದರು. ಅವನು ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ತೋರುವುದಿಲ್ಲ. ರೋಗಿ ಒಂದು ಆಸ್ಪತ್ರೆಯನ್ನು ಬಿಟ್ಟು ಇನ್ನೊಂದಕ್ಕೆ ಹೋದರೆ ಇವನೂ ಹಿಂದೆ ಹೋಗುವನು. ಹೀಗೆ ಒಬ್ಬ ರೋಗಿಯನ್ನೇ ವರ್ಷಗಟ್ಟಲೆ ಹಿಂಬಾಲಿಸಿ, ಅವನ ದೇಹದಲ್ಲಿ ಶಕ್ತಿ ಯಾವ ಕ್ರಮದಲ್ಲಿ ಇಳಿಯುತ್ತಿದೆ ಎಂಬುದನ್ನು ಬರೆದಿಡುತ್ತಿದ್ದನು. ಹುದ್ದೆಯಿದ್ದ ವೈದ್ಯರಿಗೆ ತಮ್ಮ ವಾರ್ಡಿನ ರೋಗಿಗಳು ಮಾತ್ರ ಕಾಣುತ್ತಿದ್ದರು. ಹುದ್ದೆಯಿಲ್ಲದ ಇವನಿಗೆ ನಗರದ ಎಲ್ಲ ವಾರ್ಡುಗಳೂ ತೆರೆದಿದ್ದವು. ಅವನ ಸಾಧನೆಗೆ ಈ ನಿರ್ಗತಿಕ ಸ್ಥಿತಿಯೇ ಒಂದು ಬಗೆಯಲ್ಲಿ ಸಹಾಯಕವಾಯಿತೆಂದು ನನಗನ್ನಿಸುತ್ತದೆ.

ಅವನು ಕಂಡದ್ದೇನೆಂಬುದನ್ನು ತಿಳಿಯಲು ಶರೀರದ ಒಂದು ವ್ಯವಸ್ಥೆಯನ್ನು ನೆನಪಿಗೆ ತಂದುಕೊಳ್ಳಬೇಕು. ಕೈಯನ್ನೆತ್ತಬೇಕೆಂಬ ಸಂಕಲ್ಪ ಮಿದುಳಿನಲ್ಲಿ ಹುಟ್ಟಿ, ಮಿದುಳುಬಳ್ಳಿಯಲ್ಲಿ ಇಳಿದು, ಅಲ್ಲಿಂದ ಹೊರಟ ನರದ ಮೂಲಕ ಸ್ನಾಯುವನ್ನು ಸೇರುತ್ತದೆ. ಈ ದಾರಿ ಎಲ್ಲಿ ಕಡಿದರೂ ಕೈ ಏಳುವುದಿಲ್ಲ. ಆದರೆ ಎಲ್ಲಿ ಕಡಿದಿದೆ ಎಂಬುದಕ್ಕೆ ತಕ್ಕಂತೆ ದೌರ್ಬಲ್ಯದ ಆಕಾರ ಬೇರೆಯಾಗುತ್ತದೆ. ಮಿದುಳಿನಲ್ಲಿ ಕೆಟ್ಟರೆ ಸಾಮಾನ್ಯವಾಗಿ ದೇಹದ ಒಂದು ಪಾರ್ಶ್ವವೇ ಸೋಲುತ್ತದೆ. ಆದರೂ ಸ್ನಾಯುವಿಗೆ ವಿದ್ಯುತ್ತನ್ನು ಮುಟ್ಟಿಸಿದರೆ ಅದು ಎಂದಿನಂತೆ ಓಗೊಡುತ್ತದೆ. ಏಕೆಂದರೆ ಸ್ನಾಯುವಿಗೂ ಅದರ ನರಕ್ಕೂ ಕೇಡಾಗಿಲ್ಲ, ಅಪ್ಪಣೆ ಮಾತ್ರ ಬರುತ್ತಿಲ್ಲ. ನರವೇ ತುಂಡಾಗಿದ್ದರೆ ಆ ನರಕ್ಕೆ ಸೇರಿದ ಸ್ನಾಯುಗಳು ಮಾತ್ರ ಸೋತು, ಕೆಲವು ದಿನಗಳಲ್ಲಿ ವಿದ್ಯುತ್ತಿನ ಕರೆಗೂ ಮೌನವಾಗಿ, ಕ್ರಮೇಣ ಬತ್ತುತ್ತವೆ. ಇಂದು ಇದು ವೈದ್ಯ ವಿದ್ಯಾರ್ಥಿಗೆ ಮೊದಲ ಪಾಠ. ಆ ದಿನಗಳಲ್ಲಿ ಇದನ್ನು ಹಾಸಿಗೆ ಹಾಸಿಗೆಗೂ ಹೋಗಿ ಪರೀಕ್ಷಿಸಿಯೇ ತಿಳಿಯಬೇಕಾಗಿತ್ತು.

ಒಂದು ನಿದರ್ಶನ ಸಾಕು. ಬಿಳಿ ಸೀಸ ಬೆರೆತ ಬಣ್ಣಗಳನ್ನು ಬಳಿಯುತ್ತಿದ್ದ ಕೆಲಸಗಾರರಿಗೆ ಕೆಲವು ವರ್ಷಗಳ ಮೇಲೆ ಮಣಿಕಟ್ಟು ಜೋತುಬೀಳುತ್ತಿತ್ತು. ಅಂಗೈಯನ್ನು ಮೇಲಕ್ಕೆತ್ತಲು ಆಗುತ್ತಿರಲಿಲ್ಲ. ತೋಳಿನ ಮೇಲೆ ಭಾರ ಹಾಕಿ ಗಾಢವಾಗಿ ನಿದ್ರಿಸಿ ಎದ್ದವನ ಕೈಯೂ ನರ ಒತ್ತಿಹೋಗಿ ಹೀಗೆಯೇ ಜೋಲುತ್ತದೆ. ನೋಟಕ್ಕೆ ಎರಡೂ ಒಂದೇ. ದುಶೆನ್ ಮುಂದೋಳಿನ ಹೊರಬದಿಯ ಒಂದು ಉದ್ದನೆಯ ಸ್ನಾಯುವನ್ನು ಮುಟ್ಟಿ ನೋಡಿದನು. ಮೊಣಕೈಯನ್ನು ಮಡಿಸುವಾಗ ಉಬ್ಬುವ ಸ್ನಾಯು ಅದು. ನರ ಒತ್ತಿದವನಲ್ಲಿ ಅದೂ ಸೋತಿರುತ್ತದೆ. ಸೀಸದ ವಿಷವೇರಿದವನಲ್ಲಿ ಅದು ಸಾಮಾನ್ಯವಾಗಿ ಉಳಿದಿರುತ್ತದೆ. ಜೊತೆಗೆ, ಒತ್ತಡದಿಂದ ಸೋತ ಸ್ನಾಯುಗಳು ವಿದ್ಯುತ್ತಿಗೆ ಓಗೊಟ್ಟರೆ ಸೀಸದಿಂದ ಸೋತವು ಓಗೊಡುವುದಿಲ್ಲ. ಮೊದಲನೆಯವನು ಕೆಲವು ವಾರಗಳಲ್ಲಿ ಗುಣಹೊಂದುವ ಸಂಭವ ಹೆಚ್ಚು. ಎರಡನೆಯವನನ್ನು ಆ ಬಣ್ಣದ ಕೆಲಸದಿಂದ ಬಿಡಿಸದಿದ್ದರೆ ಅವನ ಕೈಗೆ ಗತಿಯಿಲ್ಲ. ಒಂದೇ ಒಂದು ಸ್ನಾಯು ಉಳಿದಿದೆಯೇ ಇಲ್ಲವೇ ಎಂಬುದರ ಮೇಲೆ ಒಬ್ಬ ಕೂಲಿಕಾರನ ಅನ್ನ ನಿಂತಿತ್ತು.

ಕ್ರಮವಾಗಿ ಸ್ನಾಯುಗಳು ಬತ್ತಿಹೋಗುವ ಮತ್ತೊಂದು ವ್ಯಾಧಿಯನ್ನು ಅವನು 1849ರಲ್ಲಿ ವಿದ್ವತ್ಸಭೆಯ ಮುಂದಿಟ್ಟನು. ಅದು ಹಲವೊಮ್ಮೆ ಹೆಬ್ಬೆರಳಿನ ಬುಡದ ಉಬ್ಬು ಕರಗುವುದರಿಂದ ಮೊದಲಾಗುತ್ತದೆ. ಅನಂತರ ಅಂಗೈ ಎಲುಬುಗಳ ನಡುವಣ ಪುಟ್ಟ ಸ್ನಾಯುಗಳು ಸೊರಗಿ, ಬೆರಳುಗಳು ಹಕ್ಕಿಯ ಉಗುರಿನಂತೆ ಬಾಗುತ್ತವೆ. ಈ ಪುಟ್ಟ ಸ್ನಾಯುಗಳು ಬೆರಳಿನ ಬುಡದ ಗೆಣ್ಣನ್ನು ಮಡಿಸಿ ತುದಿಯ ಗೆಣ್ಣುಗಳನ್ನು ನೀಡುತ್ತವೆ. ಅವು ಹೋದರೆ ಬೆರಳು ಹೀಗೆ ಬಾಗಲೇಬೇಕು. ಇದನ್ನು ಬಿಡಿಸಿ ವಿವರಿಸಿದವನೂ ದುಶೆನ್ನೇ. ಮರುವರ್ಷ ಆರಾನ್ ಎಂಬ ವೈದ್ಯನು ಇದೇ ವ್ಯಾಧಿಯ ಮೇಲೆ ವಿಸ್ತಾರವಾದ ಪ್ರಬಂಧವನ್ನು ಪ್ರಕಟಿಸಿದುದರಿಂದ ಮೊದಲಿಗರು ಯಾರೆಂಬ ವಿವಾದವೆದ್ದಿತು. ಆರಾನನ ರೋಗಿಗಳನ್ನು ವಿದ್ಯುತ್ತಿನಿಂದ ಪರೀಕ್ಷಿಸುವಲ್ಲಿ ದುಶೆನ್ನನ ನೆರವಿತ್ತು. ಇಬ್ಬರ ಹೆಸರನ್ನೂ ಕೂಡಿಸಿ ಲೋಕ ವಿವಾದವನ್ನು ಮುಗಿಸಿತು.

1858ರಿಂದ 1859ರವರೆಗೆ ಪ್ರಕಟವಾದ ಅವನ ಇನ್ನೊಂದು ಲೇಖನಮಾಲೆ ಇದಕ್ಕಿಂತ ಸೂಕ್ಷ್ಮವಾದುದು. ಕೆಲವು ರೋಗಿಗಳು ಕಾಲನ್ನು ಎತ್ತಿ ಎತ್ತಿ ನೆಲಕ್ಕೆ ಅಪ್ಪಳಿಸುತ್ತ, ತೂರಾಡುತ್ತ ನಡೆಯುತ್ತಿದ್ದರು. ಕತ್ತಲಲ್ಲಿ ಒಂದು ಹೆಜ್ಜೆಯನ್ನೂ ಇಡಲಾರರು. ಕಣ್ಣು ಮುಚ್ಚಿದರೆ ಬೀಳುವರು. ಎಲ್ಲರೂ ಇದನ್ನು ಕಾಲಿನ ಲಕ್ವವೆಂದೇ ತಿಳಿದಿದ್ದರು. ದುಶೆನ್ ಅವರನ್ನು ಮಲಗಿಸಿ, ಕಾಲನ್ನು ನೀಡಿಸಿ, ಅದನ್ನು ಮಡಿಸಲು ತಾನೇ ಬಲವಾಗಿ ಪ್ರಯತ್ನಿಸಿದನು. ಬಲವನ್ನು ಅಳೆಯುವ ಉಪಕರಣದಿಂದಲೂ ನೋಡಿದನು. ಕಾಲಿನ ಬಲ ಕುಂದಿರಲೇ ಇಲ್ಲ! ನಡೆಯಲಾರದವನ ಸ್ನಾಯು ನಡೆಯುವವನ ಸ್ನಾಯುವಿನಷ್ಟೇ ಗಟ್ಟಿಯಾಗಿತ್ತು. ಹೋದದ್ದು ಶಕ್ತಿಯಲ್ಲ, ಸ್ನಾಯುಗಳನ್ನು ಹೊಂದಿಸಿ ನಡೆಸುವ ಅರಿವು. ದೌರ್ಬಲ್ಯವಲ್ಲದ್ದನ್ನು ದೌರ್ಬಲ್ಯವಲ್ಲವೆಂದು ಗುರುತಿಸುವುದು ದೌರ್ಬಲ್ಯವನ್ನು ಗುರುತಿಸುವುದಕ್ಕಿಂತ ಕಷ್ಟದ ಕೆಲಸ. ಬರ್ಲಿನ್ನಿನ ರೋಂಬರ್ಗ್ ಇದೇ ವ್ಯಾಧಿಯನ್ನು ಮೊದಲೇ ವರ್ಣಿಸಿದ್ದನೆಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾದೀತು. ಉಪದಂಶವೆಂಬ ರೋಗವೇ ಇದರ ಮೂಲವೆಂಬುದು ಆಮೇಲೆ ತಿಳಿಯಿತು. ಆದರೆ ಬಲ ಉಳಿದಿದೆ, ಹೊಂದಾಣಿಕೆ ಹೋಗಿದೆ ಎಂಬ ವಿವೇಚನೆಯನ್ನು ವೈದ್ಯಲೋಕಕ್ಕೆ ಮನದಟ್ಟು ಮಾಡಿಕೊಟ್ಟ ಕೀರ್ತಿ ಬಹುಪಾಲು ದುಶೆನ್ನನದು. ಪ್ಯಾರಿಸ್ಸಿನ ಹೆಸರಾಂತ ವೈದ್ಯ ಟ್ರೂಸೋ ಈ ವಿಚಾರವನ್ನು ತನ್ನ ಉಪನ್ಯಾಸಗಳಲ್ಲಿ ಎತ್ತಿಹಿಡಿದು, ಮಾತುಬಾರದ ಗೆಳೆಯನಿಗೆ ಮಾತಾದನು.

ಇನ್ನು ಅವನ ಹೆಸರನ್ನು ಶಾಶ್ವತಗೊಳಿಸಿದ ಮಕ್ಕಳ ವ್ಯಾಧಿಯ ಮಾತು. 1861ರಲ್ಲಿ ತನ್ನ ಮಹಾಗ್ರಂಥದ ಎರಡನೆಯ ಮುದ್ರಣದಲ್ಲಿ ಅವನು ಒಬ್ಬ ಬಾಲಕನನ್ನು ವರ್ಣಿಸಿದನು. ನೋಡಿದವರಿಗೆ ಮಲ್ಲನ ಮಗನೆನ್ನಿಸುವಂತಹ ಕಾಲು. ಮೀನಖಂಡಗಳು ಉಬ್ಬಿ ಗಟ್ಟಿಯಾಗಿದ್ದವು. ಅಂತಹ ಕಾಲುಗಳಿದ್ದರೂ ಬಾಲಕ ನಡೆಯಲು ತಡಮಾಡಿದ್ದನು. ಬೇಗ ಬೇಗ ಬೀಳುತ್ತಿದ್ದನು. ಹೊಟ್ಟೆಯನ್ನು ಮುಂದೆ ಚಾಚಿ, ಸೊಂಟವನ್ನು ಹಿಂದಕ್ಕೆ ಬಾಗಿಸಿ, ಕಾಲುಗಳನ್ನು ಅಗಲಿಸಿಕೊಂಡು ಅತ್ತಿತ್ತ ವಾಲುತ್ತ ನಡೆಯುತ್ತಿದ್ದನು. ಇದು ಮಿದುಳಿನ ದೋಷವಿರಬೇಕೆಂದು ದುಶೆನ್ ಆಗ ಊಹಿಸಿ, ವ್ಯಾಧಿಗೆ ಇಟ್ಟ ಹೆಸರಿನಲ್ಲಿಯೂ ಅದನ್ನು ಸೇರಿಸಿದನು. ಮುಂದಿನ ಏಳು ವರ್ಷ ಅವನು ಇಂತಹ ಮಕ್ಕಳನ್ನು ಹುಡುಕುತ್ತಲೇ ಇದ್ದನು. ರೋಗಿ ಸತ್ತ ಬಳಿಕವಷ್ಟೇ ಸ್ನಾಯುವನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುವುದು ವಾಡಿಕೆಯಾಗಿದ್ದ ಆ ಕಾಲದಲ್ಲಿ, ಬದುಕಿರುವವರಿಂದಲೇ ಸ್ನಾಯುವಿನ ಎಳೆಯನ್ನು ತೆಗೆಯಬಲ್ಲ ಒಂದು ಸೂಜಿಯನ್ನು ರಚಿಸಿದನು. ಜೀವಂತ ಶರೀರದಿಂದ ಮಾಂಸವನ್ನು ಕೀಳುವುದು ಧರ್ಮವೇ ಎಂದು ಕೆಲವರು ಆಕ್ಷೇಪಿಸಿದರು. ಇಂದು ಜಗತ್ತಿನ ಆಸ್ಪತ್ರೆಗಳಲ್ಲಿ ನಡೆಯುವ ಸ್ನಾಯು ಪರೀಕ್ಷೆಗೆ ಆ ಸೂಜಿಯೇ ಮೂಲಪುರುಷ. 1868ರಲ್ಲಿ ಹದಿಮೂರು ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದಾಗ ಅವನು ತನ್ನ ಮೊದಲಿನ ಊಹೆಯನ್ನು ಕೈಬಿಟ್ಟಿದ್ದನು. ಇದು ಸ್ನಾಯುವಿನ ವ್ಯಾಧಿಯೆಂದೇ ಅದಕ್ಕೆ ಹೊಸ ಹೆಸರನ್ನಿಟ್ಟನು. ಉಬ್ಬಿದ ಮೀನಖಂಡದಲ್ಲಿ ಇದ್ದದ್ದು ಬಲವಲ್ಲ; ಅಳಿದ ಸ್ನಾಯುವಿನ ಜಾಗದಲ್ಲಿ ನಾರೂ ಕೊಬ್ಬೂ ತುಂಬಿಕೊಂಡಿದ್ದವು.

ಅವನು ಗುರುತಿಸಿದ ಲಕ್ಷಣಗಳು ಇಂದಿಗೂ ಹಳತಾಗಿಲ್ಲ. ದೌರ್ಬಲ್ಯ ಟೊಂಕ ತೊಡೆಗಳಲ್ಲಿ ಮೊದಲಾಗುತ್ತದೆ, ಎರಡು ಪಾರ್ಶ್ವಗಳಲ್ಲಿಯೂ ಸಮನಾಗಿರುತ್ತದೆ, ವರ್ಷ ವರ್ಷಕ್ಕೆ ಹೆಚ್ಚುತ್ತದೆ, ತೋಳುಗಳಿಗೂ ಏರುತ್ತದೆ. ಜ್ವರವಿಲ್ಲ, ಸ್ಪರ್ಶಜ್ಞಾನ ಕೆಡುವುದಿಲ್ಲ, ಮಲಮೂತ್ರಗಳ ಹತೋಟಿ ತಪ್ಪುವುದಿಲ್ಲ. ಇದಕ್ಕೆ ಲಂಡನ್ನಿನ ವಿಲಿಯಂ ಗವರ್ಸ್ ಒಂದು ಅಂಶವನ್ನು ಸೇರಿಸಿದನು. ಇಂತಹ ಹುಡುಗನನ್ನು ನೆಲದ ಮೇಲೆ ಕೂರಿಸಿ ಏಳೆಂದರೆ ಅವನು ಮೊದಲು ಕವುಚಿಕೊಂಡು, ಕೈಕಾಲುಗಳನ್ನು ಊರಿ, ಆಮೇಲೆ ಕೈಗಳಿಂದ ತನ್ನದೇ ಮೊಣಕಾಲು, ತೊಡೆಗಳನ್ನು ಒಂದೊಂದಾಗಿ ಹಿಡಿದು, ತನ್ನ ಮೈಯನ್ನೇ ಮರದಂತೆ ಹತ್ತಿ ನಿಲ್ಲುತ್ತಾನೆ. 1879ರ ಈ ವರ್ಣನೆಯ ಹೊತ್ತಿಗೆ ದುಶೆನ್ ಬದುಕಿರಲಿಲ್ಲ. ಇತಿಹಾಸದ ದೃಷ್ಟಿಯಿಂದ ನೋಡಿದರೆ ವ್ಯಾಧಿಯನ್ನು ಮೊದಲು ಕಂಡವನೂ ದುಶೆನ್ನಲ್ಲ. ಲಂಡನ್ನಿನ ಎಡ್ವರ್ಡ್ ಮೆರಿಯನ್ 1851ರಲ್ಲಿಯೇ, ಒಂದೇ ಕುಟುಂಬದ ಹಲವು ಗಂಡುಮಕ್ಕಳಲ್ಲಿ ಇದನ್ನು ನೋಡಿ, ಮಿದುಳುಬಳ್ಳಿ ಆರೋಗ್ಯವಾಗಿದೆ, ಕೆಟ್ಟಿರುವುದು ಸ್ನಾಯುವಿನ ಎಳೆಗಳೇ ಎಂದು ಸರಿಯಾಗಿ ನಿರ್ಣಯಿಸಿದ್ದನು. ಹೆಸರು ದುಶೆನ್ನನಿಗೆ ಹೋಯಿತು. ಮೆರಿಯನ್ನನನ್ನು ಲೋಕ ಬಹುಕಾಲ ಮರೆಯಿತು.

ಕಾರಣ ತಿಳಿಯಲು ಇನ್ನೂ ನೂರು ವರ್ಷಗಳಿಗೂ ಮಿಗಿಲಾದ ಕಾಲ ಹಿಡಿಯಿತು. ಸ್ನಾಯುವಿನ ಎಳೆಯನ್ನು ಕಾಪಾಡುವ ಡಿಸ್ಟ್ರೋಫಿನ್ ಎಂಬ ಪ್ರೋಟೀನು ಈ ಮಕ್ಕಳಲ್ಲಿ ಇರುವುದಿಲ್ಲವೆಂಬುದು 1987ರಲ್ಲಿ ಗೊತ್ತಾಯಿತು. ಅದನ್ನು ನಿರ್ಮಿಸುವ ಜೀನು ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ವ್ಯಾಧಿ ಹೆಚ್ಚುಕಡಿಮೆ ಗಂಡುಮಕ್ಕಳಿಗೇ ಬರುತ್ತದೆ. ಹುಟ್ಟುವ ಸುಮಾರು 3500ರಿಂದ 5000 ಗಂಡುಮಕ್ಕಳಲ್ಲಿ ಒಬ್ಬನಿಗೆ. ತಾಯಿಯ ಮೂಲಕ ಇಳಿದುಬರುವುದು ಸಾಮಾನ್ಯವಾದರೂ, ಮೂರರಲ್ಲೊಂದು ಪಾಲು ಪ್ರಸಂಗಗಳಲ್ಲಿ ವಂಶದಲ್ಲಿ ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿಯೇ ತಲೆದೋರುತ್ತದೆ. ಆದುದರಿಂದ ತಾಯಂದಿರನ್ನು ದೂಷಿಸುವುದು ಅಜ್ಞಾನ. ಪೂರ್ತಿ ಗುಣಪಡಿಸುವ ಮದ್ದು ಇಂದಿಗೂ ಇಲ್ಲ. ಸ್ಟೆರಾಯ್ಡ್ ಔಷಧಿ, ಅಂಗಸಾಧನೆ, ಹೃದಯ ಶ್ವಾಸಕೋಶಗಳ ಎಚ್ಚರಿಕೆಯ ಆರೈಕೆಗಳಿಂದ ವ್ಯಾಧಿಯ ಓಟವನ್ನು ತಡಮಾಡಿ ಆಯುಷ್ಯವನ್ನು ಹೆಚ್ಚಿಸಬಹುದು. ಈ ಕಾರಣಕ್ಕೆ ಬೇಗ ಗುರುತಿಸುವುದು ಮುಖ್ಯ. ಶಿಕ್ಷಕ ಬಂಧುಗಳಿಗೆ ಇಲ್ಲಿ ಒಂದು ಮಾತನ್ನು ಅರಿಕೆಮಾಡಿಕೊಳ್ಳಬಯಸುತ್ತೇನೆ. ದಪ್ಪ ಮೀನಖಂಡಗಳಿದ್ದೂ ಓಟದಲ್ಲಿ ಸದಾ ಹಿಂದೆ ಬೀಳುವ, ಕಂಬಿ ಹಿಡಿದು ಮೆಟ್ಟಿಲು ಹತ್ತುವ, ಪ್ರಾರ್ಥನೆ ಮುಗಿದು ಎಲ್ಲರೂ ಎದ್ದ ಮೇಲೆ ತೊಡೆಗೆ ಕೈಯೂರಿ ಏಳುವ ಹುಡುಗನೊಬ್ಬನು ತರಗತಿಯಲ್ಲಿದ್ದರೆ, ಅವನನ್ನು ಮೈಗಳ್ಳನೆಂದು ಗದರಿಸುವುದನ್ನು ಬಿಟ್ಟು ತಂದೆತಾಯಿಗಳನ್ನು ಕರೆದು ವೈದ್ಯರಲ್ಲಿಗೆ ಕಳುಹಿಸಬೇಕು. ಮನೆಯವರಿಗಿಂತ ಮೊದಲು ಇದು ಕಾಣುವುದು ನಾಲ್ಕಾರು ಮಕ್ಕಳನ್ನು ಜೊತೆಯಲ್ಲಿಟ್ಟು ನೋಡುವ ಶಿಕ್ಷಕರಿಗೆ.

ಸ್ನಾಯುಗಳ ಇದೇ ಅಭ್ಯಾಸ ದುಶೆನ್ನನನ್ನು ಮುಖದ ಕಡೆಗೂ ಕರೆದೊಯ್ದಿತು. ಮುಖದಲ್ಲಿ ಸ್ಪರ್ಶಜ್ಞಾನವಿಲ್ಲದ ಒಬ್ಬ ಹಲ್ಲುದುರಿದ ಮುದುಕನ ಕೆನ್ನೆ ಹಣೆಗಳಿಗೆ ವಿದ್ಯುತ್ತನ್ನು ಸೋಂಕಿಸಿ ದುಃಖ, ಭೀತಿ, ನಗು ಮೊದಲಾದ ಭಾವಗಳನ್ನು ಮೂಡಿಸಿ, ಆಗತಾನೇ ಬೆಳೆಯುತ್ತಿದ್ದ ಛಾಯಾಚಿತ್ರಕಲೆಯಿಂದ ಸೆರೆಹಿಡಿದನು. ತುಟಿಯನ್ನೆಳೆಯುವ ಸ್ನಾಯು ಮಾತಿಗೆ ಬಗ್ಗುತ್ತದೆ. ಕಣ್ಣಿನ ಸುತ್ತಲಿನದು ಮನಃಪೂರ್ವಕವಾದ ನಗೆಗೆ ಮಾತ್ರ ಬಗ್ಗುತ್ತದೆ ಎಂದು ತೋರಿಸಿದನು. 1862ರಲ್ಲಿ ಹೊರಬಂದ ಈ ಗ್ರಂಥದ ಚಿತ್ರಗಳನ್ನು ಚಾರ್ಲ್ಸ್ ಡಾರ್ವಿನ್ 1872ರ ತನ್ನ ಭಾವಪ್ರಕಟನೆಯ ಗ್ರಂಥದಲ್ಲಿ ಬಳಸಿಕೊಂಡನು.

ಸಾಲ್ಪೆತ್ರಿಯೇರ್ ಎಂಬುದು ಪ್ಯಾರಿಸ್ಸಿನ ಒಂದು ವಿಶಾಲವಾದ ಆಸ್ಪತ್ರೆ. ಒಂದು ಕಾಲಕ್ಕೆ ಸಿಡಿಮದ್ದಿನ ಉಗ್ರಾಣವಾಗಿದ್ದು, ಆಮೇಲೆ ಸಾವಿರಾರು ಬಡ ವೃದ್ಧೆಯರ ಆಶ್ರಯವಾಗಿತ್ತು. 1862ರಲ್ಲಿ ಅಲ್ಲಿ ವೈದ್ಯನಾಗಿ ನೇಮಕಗೊಂಡ ಜಾನ್ ಮಾರ್ಟಾನ್ ಶಾರ್ಕೋ, ದುಶೆನ್ನನಿಗಿಂತ ಹತ್ತೊಂಬತ್ತು ವರ್ಷ ಕಿರಿಯವನು. ಇವನು ಆ ಅಲೆಮಾರಿ ವೈದ್ಯನಿಗೆ ತನ್ನ ವಾರ್ಡುಗಳ ಬಾಗಿಲನ್ನು ತೆರೆದನು. ರೋಗಿಯನ್ನು ಕಣ್ಣಿಟ್ಟು ನೋಡುವ ವಿದ್ಯೆಯನ್ನು ಅವನಿಂದ ಕಲಿತು, ಮುಂದೆ ಜಗದ್ವಿಖ್ಯಾತನಾದ ಮೇಲೂ ಅವನನ್ನು ಗುರುವೆಂದೇ ಕರೆದನು. ಅನ್ಯದೇಶಗಳ ವಿದ್ವತ್ಸಭೆಗಳು ದುಶೆನ್ನನನ್ನು ಸದಸ್ಯನನ್ನಾಗಿ ಆರಿಸಿದವು. ಸ್ವದೇಶದ ಅಕಾಡೆಮಿ ಆರಿಸಲಿಲ್ಲ. ಪ್ಯಾರಿಸ್ಸಿನಲ್ಲಿ ಹೆಚ್ಚುಕಡಿಮೆ ಇದೇ ಹೆಸರಿನ ಬೇರೊಬ್ಬ ವೈದ್ಯನಿದ್ದುದರಿಂದ, ಇವನು ತನ್ನ ಹೆಸರಿನೊಡನೆ ಹುಟ್ಟೂರನ್ನು ಸೇರಿಸಿ ಬೂಲೋನಿನ ದುಶೆನ್ ಎಂದೇ ಬರೆದುಕೊಳ್ಳುತ್ತಿದ್ದನು. ಅಪವಾದ ಹೊರಿಸಿ ಕಳುಹಿಸಿದ ಊರನ್ನು ಅವನು ಹೀಗೆ ಕೊನೆಯವರೆಗೂ ಹೊತ್ತುಕೊಂಡು ತಿರುಗಿದನು.

ದೂರವಾಗಿದ್ದ ಮಗ ಎಮಿಲ್ ದೊಡ್ಡವನಾದ ಮೇಲೆ ತಾನೇ ತಂದೆಯನ್ನು ಬಂದು ಸೇರಿದುದು ಆ ಬಾಳಿನ ದೊಡ್ಡ ಸಂತೋಷ. ಅವನೂ ವೈದ್ಯನಾಗಿ, ತಂದೆಯ ಮಾರ್ಗದಲ್ಲಿ ನಡೆದು, 1864ರಲ್ಲಿ ಮಕ್ಕಳ ಲಕ್ವವನ್ನು ಕುರಿತು ಬರೆದನು. ನಾವು ಪೋಲಿಯೋ ಎಂದು ಕರೆಯುವ ವ್ಯಾಧಿ ಅದು. ಇಲ್ಲಿ ದೌರ್ಬಲ್ಯದ ಆಕಾರವೇ ಬೇರೆ: ಜ್ವರ ಬಂದು, ಕೆಲವೇ ದಿನಗಳಲ್ಲಿ ಒಂದು ಕಾಲೋ ಕೈಯೋ ಅಡ್ಡಾದಿಡ್ಡಿಯಾಗಿ ಸೋಲುತ್ತದೆ, ಸ್ಪರ್ಶಜ್ಞಾನ ಉಳಿಯುತ್ತದೆ, ಸೋಲು ಮುಂದುವರಿಯುವುದಿಲ್ಲ. ಮಿದುಳುಬಳ್ಳಿಯ ಮುಂಭಾಗದಲ್ಲಿ ಕೇಡಿರಬೇಕೆಂದು ಹಿರಿಯ ದುಶೆನ್ ಮಾಡಿದ್ದ ತರ್ಕವನ್ನು ಅದೇ ದಶಕದಲ್ಲಿ ಸೂಕ್ಷ್ಮದರ್ಶಕ ಎತ್ತಿಹಿಡಿಯಿತು. ಭಾರತದಲ್ಲಿ ಆ ವ್ಯಾಧಿಯ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ದಾಖಲಾಯಿತು. 2014ರಲ್ಲಿ ದೇಶ ಪೋಲಿಯೋ ಮುಕ್ತವೆಂದು ಘೋಷಿತವಾಯಿತು. ಮಗನ ಜೊತೆ ಮಾತ್ರ ತಂದೆಗೆ ಬಹುಕಾಲ ದಕ್ಕಲಿಲ್ಲ. 1871ರಲ್ಲಿ ಎಮಿಲ್ ತೀರಿಕೊಂಡನು.

ದುಶೆನ್ನನಲ್ಲಿ ಕುಂದುಗಳಿರಲಿಲ್ಲವೆಂದಲ್ಲ. ವಿದ್ಯುತ್ತು ರೋಗವನ್ನು ಗುರುತಿಸುವುದಷ್ಟೇ ಅಲ್ಲ, ಗುಣವನ್ನೂ ಪಡಿಸುತ್ತದೆಂದು ಅವನು ಅತಿಯಾಗಿ ನಂಬಿದ್ದನು. ಆ ನಂಬಿಕೆಯನ್ನು ಕಾಲ ಎತ್ತಿಹಿಡಿಯಲಿಲ್ಲ. ಅವನ ಬರಹವೂ ಸುಲಭವಾದುದಲ್ಲ. ಒಂದೇ ವಿಷಯಕ್ಕೆ ಮತ್ತೆ ಮತ್ತೆ ಮರಳುತ್ತದೆ. ಆದರೆ 1867ರ ಚಲನಶಾಸ್ತ್ರದ ಗ್ರಂಥದಲ್ಲಿ ಅವನು ಒಂದೊಂದು ಸ್ನಾಯುವಿಗೂ ಬರೆದಿಟ್ಟ ವಿವರ ಇಂದಿಗೂ ಆಧಾರವಾಗಿದೆ. ಕಷ್ಟದ ಹೆರಿಗೆಯಲ್ಲಿ ಭುಜದ ಮೇಲಣ ನರಗಳು ಸೆಳೆದುಹೋಗಿ ತೋಳು ಒಳಕ್ಕೆ ತಿರುಗಿ ಜೋತುಬೀಳುವ ಕೂಸಿನ ಲಕ್ವವನ್ನು ಅವನು 1872ರಲ್ಲಿ ವಿವರಿಸಿದನು. ಅದು ಯಾವ ನರಮೂಲಗಳ ಕೇಡೆಂಬುದನ್ನು ಎರಡು ವರ್ಷಗಳ ಮೇಲೆ ಜರ್ಮನಿಯ ಎರ್ಬ್ ಖಚಿತಪಡಿಸಿದನು. ಹೆರಿಗೆಯ ಮನೆಯಲ್ಲಿ ಬಾಳಿನ ಮೊದಲ ಪೆಟ್ಟನ್ನು ತಿಂದವನ ಕೊನೆಯ ಮುಖ್ಯ ಶೋಧಗಳಲ್ಲೊಂದು ಹೆರಿಗೆಯ ಮನೆಯದೇ ಆಯಿತು.

1875ರಲ್ಲಿ ಅವನು ತನ್ನ ಛಾಯಾಚಿತ್ರಗಳ ಸಂಪುಟವನ್ನು ಪ್ಯಾರಿಸ್ಸಿನ ಲಲಿತಕಲೆಗಳ ಮಹಾವಿದ್ಯಾಲಯಕ್ಕೆ ದಾನವಾಗಿ ಕೊಟ್ಟನು. ಆ ವರ್ಷದ ಸೆಪ್ಟೆಂಬರಿನಲ್ಲಿ ಮಿದುಳಿನ ರಕ್ತಸ್ರಾವದಿಂದ ಹಾಸಿಗೆ ಹಿಡಿದು ತೀರಿಕೊಂಡನು. ಕೊನೆಯ ದಿನಗಳಲ್ಲಿ ಶಾರ್ಕೋ ಅವನ ಬಳಿಯಲ್ಲಿದ್ದನು.